ಅಂಜಿನಿಯ ಜಾಗ

ತೆಲಿಗಿ
27-7-2020

ಪ್ರೀತಿಯ ಗಾಳೆಮ್ಮಕ್ಕ,

ನಾನು ಚೆನ್ನಾಗಿದ್ದೇನೆ ಎಂದು ಬರೆದರೆ ಸುಳ್ಳಾಗುತ್ತದೆ. ಮೈಗೆ ಏನೂ ಆಗಿಲ್ಲ, ತಲೆ ಕೆಟ್ಟಿದೆ. ಮಂಚ ಬಿಟ್ಟು ಇಳಿಯಬೇಡ ಎಂದು ಡಾಕ್ಟರು ಹೇಳಿದ್ದಾರೆ. ಹಿಂದೆ ಎರಡು ಸಲ ಬಸಿರು ನಿಲ್ಲದೆ ಹೋದದ್ದು ನಿಮಗೆ ಗೊತ್ತೇ ಇದೆ. ಈಗ ಐದನೇ ತಿಂಗಳು. ನೀರು ಕುಡಿಯಲು ಎದ್ದರೂ ಅತ್ತೆ ಉಚ್ಚಂಗೆಮ್ಮ ಓಡಿ ಬರುತ್ತಾರೆ. "ಯಾಕವ್ವ ಎದ್ದೆ? ನಾ ಏನ್ ಸತ್ತೋಗೀನಾ?" ಇದು ದಿನಾ ಕೇಳುವ ಮಾತು.

ಮಾರ್ಚಿನಲ್ಲಿ ಶಾಲೆಗೆ ಬೀಗ ಹಾಕಿದಾಗ ಎರಡು ವಾರದ ರಜೆ ಎಂದುಕೊಂಡು ಗಂಡನ ಮನೆಗೆ ಬಂದವಳು ನಾನು. ಮೇಜಿನ ಖಾನೆಯಲ್ಲಿ ಅರ್ಧ ತಿಂದ ಶೇಂಗಾ ಉಂಡೆ ಬಿಟ್ಟು ಬಂದಿದ್ದೇನೆ. ಇಷ್ಟು ಹೊತ್ತಿಗೆ ಇಲಿಗಳು ಅದನ್ನು ತಿಂದು ನನ್ನನ್ನು ಹರಸಿರಬೇಕು.

ವಿಷಯಕ್ಕೆ ಬರುತ್ತೇನೆ. ಸರ್ಕಾರ 'ವಿದ್ಯಾಗಮ' ಎಂದು ಶುರು ಮಾಡುತ್ತಿದೆ. ಮಕ್ಕಳು ಶಾಲೆಗೆ ಬರುವ ಹಾಗಿಲ್ಲ, ಆದ್ದರಿಂದ ಶಾಲೆಯೇ ಊರೊಳಗೆ ಹೋಗುವುದು. ಗುಡಿ, ಮರದ ನೆರಳು, ಎಲ್ಲಿ ಜಾಗ ಇದೆಯೋ ಅಲ್ಲಿ ಮಕ್ಕಳನ್ನು ದೂರ ದೂರ ಕೂಡಿಸಿ ಪಾಠ. ಬಸುರಿ ಎಂದು ನನ್ನನ್ನು ಬಿಟ್ಟಿದ್ದಾರೆ. ನಮ್ಮ ಹುಲುಗೇಶ್ ಮಾಸ್ತರು ಕೂಡ್ಲಿಗಿಯಿಂದ ಬೈಕಿನಲ್ಲಿ ಬರುತ್ತಾರೆ. ಆದರೆ ಜಾಗ ಹುಡುಕಿದವಳು ನಾನೇ! ಮಂಚದ ಮೇಲೆ ಕೂತು ಕರಿಬಂಡೆಹಟ್ಟಿಯ ನಕ್ಷೆ ಬರೆದು ಅವರಿಗೆ ಕಳಿಸಿದೆ. ಊರ ನಡುವಿನ ಗುಡಿ ಕಟ್ಟೆ. ಅಷ್ಟು ಅಗಲದ ಕಟ್ಟೆ, ಮೇಲೆ ಅಷ್ಟು ದೊಡ್ಡ ಬೇವಿನ ಮರ, ಇನ್ನೇನು ಬೇಕು? ಇಲಾಖೆಯ ಸಾಹೇಬರು ಕೂಡ ಭೇಷ್ ಎಂದರಂತೆ.

ಅಂಜಿನಿ ಹೇಗಿದ್ದಾಳೆ? ನಿಮ್ಮ ಅಂಗನವಾಡಿಯಿಂದ ತಪ್ಪಿಸಿಕೊಂಡು ಬಂದು ನನ್ನ ಕ್ಲಾಸಿನ ಕಿಟಕಿಗೆ ಜೋತುಬೀಳುತ್ತಿದ್ದ ನಿಮ್ಮ ಮೊಮ್ಮಗಳು ಕಣ್ಣಿಗೆ ಕಟ್ಟಿದ ಹಾಗಿದ್ದಾಳೆ. "ಒಂದನೇ ಕ್ಲಾಸಿಗೆ ಬಾ, ಮುಂದಿನ ಸಾಲಿನ ಮೊದಲ ಜಾಗ ನಿನ್ನದೇ" ಎಂದು ಮಾತು ಕೊಟ್ಟಿದ್ದೆ. ನೀವು ಬಾಗಿಲಿಗೆ ಒರಗಿ ನಿಂತು ನಗುತ್ತಿದ್ದಿರಿ. ಹುರಿದ ಶೇಂಗಾ ಸೆರಗಿನಲ್ಲಿ ಕಟ್ಟಿಕೊಂಡು ಬಂದು ಹಾಗೆ ನಿಲ್ಲುತ್ತಿದ್ದ ನಿಮ್ಮನ್ನು ನೆನೆದರೆ ಅಳುವೇ ಬರುತ್ತದೆ. ಬಸುರಿಯಾದ ಮೇಲೆ ನನಗೆ ಎಲ್ಲದಕ್ಕೂ ಅಳು.

ಬರೆಯಿರಿ. ಫೋನ್ ಮಾಡಿ ಎಂದು ಹೇಳುವುದಿಲ್ಲ, ನಿಮ್ಮೂರಿನ ಸಿಗ್ನಲ್ ನನಗೆ ಗೊತ್ತು.

ನಿಮ್ಮ
ಅರ್ಚನಾ

*

ಕರಿಬಂಡೆಹಟ್ಟಿ
3-8-2020

ಅರ್ಚನಾ ಮೇಡಂ ಅವರಿಗೆ ಗಾಳೆಮ್ಮ ಮಾಡುವ ನಮಸ್ಕಾರ.

ನಿಮ್ಮ ಕಾಗದ ನೋಡಿ ಎಷ್ಟು ಖುಷಿಯಾಯಿತು ಎಂದರೆ ಟಪಾಲಿನ ಹಂಪೇಶನಿಗೆ ಚಹಾ ಕುಡಿಸಿದೆ. ಇಲಾಖೆಯವರು ಫೋನ್ ಕೊಟ್ಟಿದ್ದಾರೆ, ಆದರೆ ಸಿಗ್ನಲ್ಲಿಗೆ ಬಂಡೆ ಹತ್ತಬೇಕು. ಬಂಡೆ ಮೇಲೆ ನಿಂತು ಮಾತಾಡಿದರೆ ಊರಿಗೆಲ್ಲ ಕೇಳುತ್ತದೆ. ಸಂಜೆಯಾದರೆ ಕರಡಿಗೂ ಕೇಳುತ್ತದೆ. ನಮ್ಮಿಬ್ಬರ ಮಾತು ಕಾಗದದಲ್ಲೇ ಇರಲಿ.

ನನ್ನ ಅಂಗನವಾಡಿಗೂ ಬೀಗ. ಮಕ್ಕಳು ಬರಬಾರದು, ಬಿಸಿ ಊಟ ಮಾಡಬಾರದು. ಅಕ್ಕಿ, ಬೇಳೆ, ಬೆಲ್ಲ, ಹಾಲಿನ ಪುಡಿ, ಮೊಟ್ಟೆ ಎಲ್ಲ ಮನೆಮನೆಗೆ ಮುಟ್ಟಿಸಬೇಕು. ಮೊಟ್ಟೆಯ ಟ್ರೇ ತಲೆ ಮೇಲೆ ಇಟ್ಟುಕೊಂಡು ಹೊರಟರೆ ಹುಡುಗರು "ಮೊಟ್ಟಿ ಸಂತಿ ಬಂತಲೇ" ಎಂದು ಕೂಗುತ್ತಾರೆ. ನಗು ಬರುತ್ತದೆ, ಆದರೆ ನಕ್ಕರೆ ಮೊಟ್ಟೆ ಬೀಳುತ್ತವೆ. ಊರೊಳಗಿನ ಮನೆಗಳವರು ಹೊಸ್ತಿಲಲ್ಲಿ ಮೊರ ಇಟ್ಟು ಒಳಗೆ ನಿಂತಿರುತ್ತಾರೆ. ನಾನು ಮೊರದಲ್ಲಿ ಹಾಕಿ ಮುಂದೆ ಹೋಗುತ್ತೇನೆ. ಕೊರೋನಾ ನೋಡಿ.

ಮೇಡಂ, ಒಂದು ಮಾತು. ಕಟ್ಟೆ ಬೇಡ. ಅಲ್ಲಿ ಕೆಂಪಿರುವೆ ಬಹಳ. ಮಕ್ಕಳನ್ನು ಕಚ್ಚಿದರೆ ನಿಮಗೇ ಕೆಟ್ಟ ಹೆಸರು. ಕೆರೆ ಕಡೆಯ ಹುಣಸೆ ಮರದ ಕೆಳಗೆ ಆದರೆ ಎಲ್ಲರಿಗೂ ಅನುಕೂಲ. ಹುಲುಗೇಶ್ ಮಾಸ್ತರಿಗೆ ನೀವೇ ಒಂದು ಮಾತು ಹೇಳಿ. ನಾನು ಹೇಳಿದರೆ ಸರಿ ಇರುವುದಿಲ್ಲ.

ಅಂಜಿನಿ ಸ್ಲೇಟು ತರಿಸಿಕೊಂಡಿದ್ದಾಳೆ. ದಿನಾ ಅದಕ್ಕೆ ಸ್ನಾನ ಮಾಡಿಸುತ್ತಾಳೆ. ಅವಳ ತಾಯಿ ಮೆಣಸಿನಕಾಯಿ ಹೊಲದ ಕೆಲಸಕ್ಕೆ ಹೋಗಿದ್ದಾಳೆ, ಮಗು ನನ್ನ ಹತ್ತಿರವೇ. "ಅಮ್ಮಮ್ಮ, ಮುಂದಿನ ಸಾಲು ಅಂದ್ರ ಎಲ್ಲಿ ಬರ್ತೈತಿ?" ಎಂದು ಕೇಳಿ ಕೇಳಿ ಜೀವ ತೆಗೆಯುತ್ತಾಳೆ.

ಮಂಚ ಇಳಿಯಬೇಡಿ. ಅತ್ತೆಯವರ ಮಾತು ಕೇಳಿ.

ಇಂತಿ
ಗಾಳೆಮ್ಮ, ಅಂಗನವಾಡಿ ಕಾರ್ಯಕರ್ತೆ

*

ತೆಲಿಗಿ
10-8-2020

ಗಾಳೆಮ್ಮಕ್ಕ,

ಇರುವೆ! ಕರಡಿ ಓಡಾಡುವ ಊರಿನಲ್ಲಿ ಹುಟ್ಟಿ ಬೆಳೆದವರು ಇರುವೆಗೆ ಹೆದರುತ್ತೀರಾ? ಓದಿ ನಕ್ಕು ನಕ್ಕು, ಅತ್ತೆ ಬಂದು ಹೊಟ್ಟೆ ಮುಟ್ಟಿ ನೋಡಿದರು.

ಹುಣಸೆ ಮರ ಊರಿಂದ ಎಷ್ಟು ದೂರ! ಕೆರೆ ಪಕ್ಕದಲ್ಲಿ ಹಾವು, ಚೇಳು. ಸಣ್ಣ ಮಕ್ಕಳನ್ನು ಅಲ್ಲಿಗೆ ಕಳಿಸಲು ಯಾರು ಒಪ್ಪುತ್ತಾರೆ? ಇರುವೆಗೆ ಒಂದಿಷ್ಟು ಅರಿಶಿನ ಉದುರಿಸಿ ಎಂದು ಹುಲುಗೇಶ್ ಮಾಸ್ತರಿಗೆ ಹೇಳಿದ್ದೇನೆ. ಕಟ್ಟೆಯೇ ಪಕ್ಕಾ. ಊರ ಹಿರಿಯ ಬೆನಕಪ್ಪನವರೂ ಸಂತೋಷದಿಂದ ಒಪ್ಪಿ, ತಾವೇ ಆಳು ಹಚ್ಚಿ ಗುಡಿಸಿ ಕೊಟ್ಟಿದ್ದಾರಂತೆ. ಊರೇ ಶಾಲೆಯನ್ನು ಮಡಿಲಿಗೆ ಹಾಕಿಕೊಂಡಿತು ಎಂದು ನನಗೆ ಎಷ್ಟು ಸಮಾಧಾನ ಗೊತ್ತೇ?

ಅಂಜಿನಿಗೆ ಹೇಳಿ, ಕಟ್ಟೆ ಮೇಲೂ ಮುಂದಿನ ಸಾಲಿನಲ್ಲೇ ಕೂಡಬೇಕು. ಟೀಚರ್ ಆರ್ಡರ್.

ಅರ್ಚನಾ

*

ಕರಿಬಂಡೆಹಟ್ಟಿ
26-8-2020

ಮೇಡಂ,

ಪಾಠ ಶುರುವಾಗಿದೆ. ಮಾಸ್ತರು ಒಳ್ಳೆಯವರು, ದಿನಾ ತಪ್ಪದೆ ಬರುತ್ತಾರೆ. ಸುಣ್ಣದಲ್ಲಿ ಗುಂಡಗೆ ಗೆರೆ ಹಾಕಿಸಿದ್ದಾರೆ, ಒಂದು ಗುಂಡಿನಲ್ಲಿ ಒಂದು ಮಗು. ಅಂಜಿನಿಗೂ ಒಂದು ಸಿಕ್ಕಿದೆ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಹೋಗಿ ಅದರೊಳಗೆ ಕೂಡುತ್ತಾಳೆ. ಅ ಆ ಇ ಈ ಬರೆಯುತ್ತಾಳೆ.

ಬಿಸಿಲು ಜಾಸ್ತಿ. ಮುಖ ಸ್ವಲ್ಪ ಕಪ್ಪಾಗಿದೆ, ಮೂಗಿನ ಮೇಲೆ ಸಿಪ್ಪೆ ಎದ್ದಿದೆ. ಮೊನ್ನೆ ತಲೆ ಸುತ್ತು ಬಂದು ಕೂತಲ್ಲೇ ವಾಲಿದಳಂತೆ. ಮಜ್ಜಿಗೆ ಕುಡಿಸಿದೆ, ಸರಿ ಹೋದಳು.

ನಿಮಗೆ ಏಳನೇ ತಿಂಗಳು ಹತ್ತಿರ ಬಂತು. ಕಾಲು ಬಾವು ಬಂದರೆ ಡಾಕ್ಟರಿಗೆ ತೋರಿಸಿ. ಬೇರೇನೂ ವಿಶೇಷ ಇಲ್ಲ.

ಗಾಳೆಮ್ಮ

*

ತೆಲಿಗಿ
7-9-2020

ಗಾಳೆಮ್ಮಕ್ಕ,

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗಿದ್ದರೆ ಕ್ಷಮಿಸಿ.

ನಿಮ್ಮ ಕಾಗದ ಓದಿದಾಗಲೇ ಒಂದು ಅನುಮಾನ ಬಂದಿತ್ತು. ಬೇವಿನ ಮರದ ಕೆಳಗೆ ಕೂತ ಮಗುವಿಗೆ ಬಿಸಿಲು ಹೇಗೆ ಬಡಿಯಿತು? ಕೇಳಬೇಕು ಅಂದುಕೊಳ್ಳುವಷ್ಟರಲ್ಲಿ ಇವತ್ತು ಹುಲುಗೇಶ್ ಮಾಸ್ತರು ನಮ್ಮ ವಾಟ್ಸಾಪ್ ಗುಂಪಿಗೆ ಫೋಟೋ ಹಾಕಿದರು. ಕಟ್ಟೆ ಮೇಲೆ ಮಕ್ಕಳು, ಎಲ್ಲರ ಮುಖಕ್ಕೂ ಮಾಸ್ಕು, ಬಿಳಿ ಗೆರೆಯೊಳಗೆ ಎಷ್ಟು ಶಿಸ್ತಾಗಿ ಕೂತಿದ್ದಾರೆ. ಕೆಳಗೆ ಇಪ್ಪತ್ತು ಜನ ಚಪ್ಪಾಳೆ ತಟ್ಟಿದ್ದಾರೆ. "ಮಾದರಿ ಕೇಂದ್ರ" ಎಂದು ಒಬ್ಬರು. ನಾನೂ ಚಪ್ಪಾಳೆ ಒತ್ತಿದೆ, ಅಕ್ಕ. ಒತ್ತಿದ ಮೇಲೆ ಅಂಜಿನಿಯನ್ನು ಹುಡುಕಿದೆ.

ಕಟ್ಟೆ ಮೇಲೆ ಅವಳಿಲ್ಲ. ಫೋಟೋವನ್ನು ಬೆರಳಲ್ಲಿ ಎಳೆದು ದೊಡ್ಡದು ಮಾಡಿದೆ. ಮೂಲೆಯಲ್ಲಿ, ಕಟ್ಟೆಯ ಕೆಳಗೆ, ಬಿಸಿಲಲ್ಲಿ ಇನ್ನೊಂದಿಷ್ಟು ಗೆರೆಗಳು. ಅಲ್ಲಿ ನಾಲ್ಕೈದು ತಲೆಗಳು, ಅರ್ಧಕ್ಕೆ ಕತ್ತರಿಸಿ ಹೋಗಿವೆ. ಒಂದು ತಲೆಗೆ ನೀವು ಕಟ್ಟುವ ಕೆಂಪು ರಿಬ್ಬನ್ನು.

ಇದೇನು ಗಾಳೆಮ್ಮಕ್ಕ? ನಾನು ತಿಳಿದುಕೊಂಡದ್ದು ಸರಿಯೇ? ಕೆಳಗೆ ಕೂತವರೆಲ್ಲ ನಿಮ್ಮ ಕೇರಿಯ ಮಕ್ಕಳು. ನನಗೆ ಎಲ್ಲರ ತಲೆಯೂ ಗೊತ್ತು, ಹೇನು ತೆಗೆದಿದ್ದೇನೆ. ಶಾಲೆಯಲ್ಲಿ ಒಂದೇ ಸಾಲಿನಲ್ಲಿ ಕೂತು ಒಂದೇ ಪಾತ್ರೆಯ ಸಾರು ಉಂಡವರು ಇವರೆಲ್ಲ! ಒಂದು ಫರ್ಲಾಂಗು ದೂರದ ಕಟ್ಟೆಗೆ ಬಂದ ಕೂಡಲೇ ಹೀಗಾಯಿತೇ?

ಇರುವೆ ಎಂದು ನೀವು ಬರೆದದ್ದು ಇದನ್ನೇ ಅಲ್ಲವೇ? ನಾನು ನಕ್ಕೆ. ಥೂ ನನ್ನ!

ನಿಜ ಬರೆಯಿರಿ. ನನ್ನ ಹೊಟ್ಟೆಯಲ್ಲಿ ಮಗು ಇದೆ ಎಂದು ನೋಡಬೇಡಿ.

ಅರ್ಚನಾ

*

ಕರಿಬಂಡೆಹಟ್ಟಿ
15-9-2020

ಮೇಡಂ,

ನಿಮ್ಮ ಹೊಟ್ಟೆಯಲ್ಲಿ ಮಗು ಇದೆ ಎಂದೇ ಬರೆದಿರಲಿಲ್ಲ. ಈಗ ಕೇಳಿದ್ದೀರಿ, ಬರೆಯುತ್ತೇನೆ.

ಆ ಕಟ್ಟೆ ಮೇಲೆ ನಾವು ಹತ್ತುವುದಿಲ್ಲ. ಹತ್ತಬೇಡಿ ಎಂದು ಯಾರೂ ಬೋರ್ಡು ಹಾಕಿಲ್ಲ. ನನ್ನ ಅವ್ವ ಹತ್ತಲಿಲ್ಲ, ನಾನು ಹತ್ತಲಿಲ್ಲ. ಪೂಜೆ ಇದ್ದರೆ ಕೆಳಗೆ ನಿಂತು ಕಾಯಿ ಕೊಡುತ್ತೇವೆ. ನೀವು ಬೆಳಿಗ್ಗೆ ಬಸ್ಸಿಗೆ ಬಂದು ನೆಟ್ಟಗೆ ಶಾಲೆಗೆ ಹೋಗುವವರು, ಸಂಜೆ ಅದೇ ಬಸ್ಸಿಗೆ ಹೋಗುವವರು. ನಿಮಗೆ ಹೇಗೆ ಗೊತ್ತಾಗಬೇಕು?

ಮೊದಲ ದಿನ ನಾನೇ ಅಂಜಿನಿಯ ಕೈ ಹಿಡಿದುಕೊಂಡು ಹೋದೆ. ಮಾಸ್ತರು ಎಲ್ಲ ಗೆರೆಗಳನ್ನೂ ಕಟ್ಟೆ ಮೇಲೆಯೇ ಹಾಕಿದ್ದರು. ಅದು ಅವರ ತಪ್ಪಲ್ಲ. ಅಂಜಿನಿ ಓಡಿ ಮೊದಲ ಮೆಟ್ಟಿಲಿಗೆ ಕಾಲಿಟ್ಟಳು. ಬೆನಕಪ್ಪನವರು ಅಲ್ಲೇ ಕೂತಿದ್ದರು. ಬೈಯಲಿಲ್ಲ. ನಗುತ್ತಲೇ ಹೇಳಿದರು, "ಮಾಸ್ತರ್ರ, ಮ್ಯಾಲೆ ಗದ್ದಲ ಆಗ್ತೈತಿ ನೋಡ್ರಿ. ಈ ಕೂಸುಗಳಿಗೆ ಕೆಳಗ ಗೆರಿ ಹಾಕ್ರಿ. ದೂರ ದೂರ ಕೂಡಿಸ್ರಿ ಅಂತ ಸರ್ಕಾರಾನ ಹೇಳೈತಲ್ಲ." ಮಾಸ್ತರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ. ಅವರು ಸುಣ್ಣದ ಡಬ್ಬಿ ತೆಗೆದುಕೊಂಡು ಕೆಳಗೆ ಇಳಿದು ಬಂದರು.

ಸಿಟ್ಟು ಬರಲಿಲ್ಲವೇ ಎಂದು ಕೇಳಬೇಡಿ. ಬಂತು. ಆದರೆ ಅಂಜಿನಿ ತಿರುಗಿ ನನ್ನ ಕಡೆ ನೋಡಿ ನಕ್ಕಳು ಮೇಡಂ. "ಅಮ್ಮಮ್ಮ, ನಂದು ನೋಡು, ಎಷ್ಟ್ ದೊಡ್ಡ ಗುಂಡು ಹಾಕ್ಯಾರ!" ಅವಳಿಗೆ ಅದೇ ಶಾಲೆ. ಅವಳು ಬೇರೆ ಶಾಲೆ ನೋಡಿಲ್ಲ. ನಾನು ಬಾಯಿ ತೆರೆದು, ಅದೂ ಇಲ್ಲದ ಹಾಗೆ ಆದರೆ?

ದಯಮಾಡಿ ಇದನ್ನು ದೊಡ್ಡದು ಮಾಡಬೇಡಿ. ನಾಳೆ ಇದೇ ಮನೆಗಳಿಗೆ ನಾನು ಮೊಟ್ಟೆ ಹೊತ್ತುಕೊಂಡು ಹೋಗಬೇಕು.

ಗಾಳೆಮ್ಮ

*

ತೆಲಿಗಿ
23-9-2020

ಅಕ್ಕ,

ದೊಡ್ಡದು ಮಾಡಿದ್ದೇನೆ. ಬೈಯಿರಿ.

ಸುಮ್ಮನಿರಲು ನನ್ನಿಂದ ಆಗಲಿಲ್ಲ. ನಿಮ್ಮ ಕಾಗದ ಓದಿದ ದಿನವೇ ಹುಲುಗೇಶ್ ಮಾಸ್ತರಿಗೆ ಫೋನ್ ಮಾಡಿ ಬಾಯಿಗೆ ಬಂದ ಹಾಗೆ ಅಂದೆ. ಅವರು ಎಲ್ಲ ಕೇಳಿಸಿಕೊಂಡು ಒಂದೇ ಮಾತು ಹೇಳಿದರು. "ಮೇಡಂ, ಮೊದಲನೇ ದಿನ ನಾ ಗೆರಿ ಹಾಕಿದ್ದು ಖರೆ. ಎರಡನೇ ದಿನ ಮಳಿ ಬಂದು ಎಲ್ಲಾ ಅಳಿಸಿ ಹೋಗಿತ್ತು. ಆದ್ರೂ ಮಕ್ಳು ಬಂದು ಹಂಗಽ ಕುಂತಿದ್ರು. ನಾ ಏನೂ ಹೇಳಿರ್ಲಿಲ್ರಿ. ಅವ್ರು ಕುಂತಲ್ಲೇ ಮತ್ತ ಗೆರಿ ಹಾಕಿದೆ." ಆಮೇಲೆ ಅವರು ಅಳುತ್ತಿದ್ದರೋ ಏನೋ, ಬೈಕಿನ ಸದ್ದಿನಲ್ಲಿ ಗೊತ್ತಾಗಲಿಲ್ಲ. ಸೋಮವಾರದಿಂದ ಪಾಠ ಹುಣಸೆ ಮರದ ಕೆಳಗೆ ಎಂದು ಒಪ್ಪಿಸಿದ್ದೇನೆ.

ಇನ್ನೊಂದು ಹೇಳಬೇಕು, ಹೇಳಲು ನಾಚಿಕೆ. ಇಲ್ಲಿಯ ಅಂಗನವಾಡಿಯಿಂದ ನನಗೂ ಬಸುರಿಯರ ರೇಷನ್ ಬರುತ್ತದೆ. ತಂದುಕೊಡುವವಳು ಲಕ್ಷ್ಮಿದೇವಿ, ಸಹಾಯಕಿ. ಅತ್ತೆ ಪಾಕೀಟನ್ನು ಅಂಗಳದ ಕಲ್ಲಿನ ಮೇಲೆ ಇಡಿಸಿ, ನೀರು ಚಿಮುಕಿಸಿ ಒಳಗೆ ತರುತ್ತಾರೆ. ಕೊರೋನಾಗೆ ಎಷ್ಟು ಜಾಗ್ರತೆ ಮಾಡುತ್ತಾರಲ್ಲ ಎಂದು ಹೆಮ್ಮೆಪಟ್ಟಿದ್ದೆ. ನಿನ್ನೆ ಕಿರಾಣಿ ಅಂಗಡಿಯ ಹುಡುಗ ಬೆಲ್ಲ ತಂದ. ಅವನ ಕೈಯಿಂದ ನೆಟ್ಟಗೆ ಅಡುಗೆಮನೆಗೆ ಹೋಯಿತು, ನೀರೂ ಇಲ್ಲ, ಕಲ್ಲೂ ಇಲ್ಲ. ನಾನು ಕೇಳಿದೆ, "ಅತ್ತೆ, ಲಕ್ಷ್ಮಿದೇವಿ ತಂದದ್ದಕ್ಕೆ ಮಾತ್ರ ಯಾಕೆ ನೀರು?" ಅತ್ತೆ ನನ್ನನ್ನು ಹುಚ್ಚಿಯನ್ನು ನೋಡಿದ ಹಾಗೆ ನೋಡಿದರು. "ಅದು ಮೊದಲಿಂದಾನೂ ಐತೆ ಕಣವ್ವ. ಇವತ್ತು ಏನ್ ಹೊಸದಾಗಿ ಕೇಳ್ತೀಯ?"

ಈ ಮನೆಗೆ ಸೊಸೆಯಾಗಿ ಬಂದು ಆರು ವರ್ಷವಾಯಿತು. ನಾನು ಎಲ್ಲಿ ನೋಡುತ್ತಿದ್ದೆ ಅಕ್ಕ?

ಅರ್ಚನಾ

*

ಕರಿಬಂಡೆಹಟ್ಟಿ
16-10-2020

ಮೇಡಂ,

ಹುಣಸೆ ಮರದ ಕೆಳಗೆ ಪಾಠ ನಡೆಯಿತು. ನಮ್ಮ ಕೇರಿಯ ಮಕ್ಕಳು ಮಾತ್ರ ಬಂದರು. ಊರೊಳಗಿನವರು "ಕೆರಿ ದಂಡ್ಯಾಗ ಹಾವು ಅದಾವ, ನಾವು ಕಳಸಂಗಿಲ್ಲ" ಎಂದರು. ನೀವು ಹೇಳಿದ್ದ ಮಾತೇ. ಪಾಪ ಮಾಸ್ತರು ಬೆಳಿಗ್ಗೆ ಕಟ್ಟೆ ಮೇಲೆ ಒಂದು ಪಾಠ, ಮಧ್ಯಾಹ್ನ ಮರದ ಕೆಳಗೆ ಒಂದು ಪಾಠ ಮಾಡಿದರು. ಮೊದಲು ಒಂದೇ ಶಾಲೆಯಲ್ಲಿ ಮೇಲೆ ಕೆಳಗೆ ಇತ್ತು. ಆಮೇಲೆ ಎರಡು ಶಾಲೆಯಾಯಿತು. ಈಗ ಹೊಸ ಆರ್ಡರ್ ಬಂದಿದೆ, ಮಾಸ್ತರುಗಳಿಗೆ ರೋಗ ಹತ್ತುತ್ತಿದೆ ಎಂದು ವಿದ್ಯಾಗಮವನ್ನೇ ನಿಲ್ಲಿಸಿದ್ದಾರೆ. ಬೆನಕಪ್ಪನವರು, "ನೋಡ್ರಿ, ಜಗಳ ತಾನಽ ಮುಗೀತು" ಎಂದರಂತೆ.

ನಾನು ಮೊಟ್ಟೆ ತೆಗೆದುಕೊಂಡು ಹೋದರೆ ಕೆಲವು ಮನೆಗಳ ಬಾಗಿಲು ತೆರೆಯಲಿಲ್ಲ. ಮೊರವೂ ಇಡಲಿಲ್ಲ. ಒಳಗೆ ಮಗು "ಟೀಚರ್ ಬಂದ್ರು" ಎಂದು ಕೂಗಿದ್ದು ಕೇಳಿಸಿತು, ಆಮೇಲೆ ಯಾರೋ ಬಾಯಿ ಮುಚ್ಚಿದರು. ಬಿಸಿಲಲ್ಲಿ ನಿಂತೇ ಇದ್ದೆ. ಆ ಮಕ್ಕಳ ಪಾಲಿನದು ನನ್ನ ತಲೆ ಮೇಲೆ. ಏನು ಮಾಡಲಿ? ಬಾಗಿಲಲ್ಲಿ ಇಟ್ಟು ಬಂದರೆ ನಾಯಿ ತಿನ್ನುತ್ತದೆ, ವಾಪಸು ತಂದರೆ ಗಾಳೆಮ್ಮ ತಿಂದಳು ಎನ್ನುತ್ತಾರೆ.

ನೀವು ಮಾಡಿದ್ದು ತಪ್ಪಲ್ಲ ಮೇಡಂ. ಆದರೆ ನೀವು ತೆಲಿಗಿಯಲ್ಲಿದ್ದೀರಿ, ನಾನು ಇಲ್ಲಿದ್ದೇನೆ. ಸ್ವಲ್ಪ ದಿನ ಕಾಗದ ಬೇಡ. ಹೆರಿಗೆ ಚೆನ್ನಾಗಿ ಆಗಲಿ. ನಮ್ಮ ಕಟ್ಟೆ ಗುಡಿಯ ತಾಯಿಗೆ ದಿನಾ ಹರಕೆ ಹೊರುತ್ತೇನೆ, ಕೆಳಗೆ ನಿಂತೇ.

ಗಾಳೆಮ್ಮ

*

ತೆಲಿಗಿ
20-1-2021

ಗಾಳೆಮ್ಮಕ್ಕ,

ಬೇಡ ಎಂದಿದ್ದೀರಿ, ಆದರೂ ಬರೆಯುತ್ತಿದ್ದೇನೆ. ಡಿಸೆಂಬರಿನಲ್ಲಿ ಹೆಣ್ಣು ಮಗು ಹುಟ್ಟಿತು. ದುಂಡುದುಂಡಗಿದ್ದಾಳೆ, ಕೂಗಿದರೆ ಹರಪನಹಳ್ಳಿಗೆ ಕೇಳುತ್ತದೆ. ಹೆಸರು ಭಾಗ್ಯ.

ದೊಡ್ಡ ಕ್ಲಾಸಿನವರಿಗೆ ಶಾಲೆ ತೆರೆದಿದ್ದಾರೆ, ಸಣ್ಣವರಿಗೆ ಇನ್ನೂ ಇಲ್ಲ. ಅಂಜಿನಿಗೆ ಅಕ್ಷರ ಮರೆತಿದೆಯೇ? ಮುಂದಿನ ಸಾಲಿನ ಜಾಗ ಹಾಗೇ ಇದೆ ಎಂದು ಹೇಳಿ. ಬೇರೆ ಯಾರಿಗೂ ಕೊಡುವುದಿಲ್ಲ.

ಉತ್ತರ ಬರೆಯದಿದ್ದರೂ ಸರಿ, ಓದಿ.

ಅರ್ಚನಾ

*

ಕರಿಬಂಡೆಹಟ್ಟಿ
28-6-2021

ಮೇಡಂ,

ಕೂಸಿಗೆ ನನ್ನ ಮುತ್ತು. ಇಷ್ಟು ದಿನ ಬರೆಯಲಿಲ್ಲ, ಮನಸ್ಸಿಗೆ ಹಚ್ಚಿಕೊಳ್ಳಬೇಡಿ.

ಈ ಸಲದ ರೋಗ ನಮ್ಮೂರನ್ನೂ ಬಿಡಲಿಲ್ಲ. ಮನೆಮನೆಗೆ ಹೋಗಿ ಜ್ವರ ಕೇಳಿ, ಬೆರಳಿಗೆ ಮಿಷನ್ ಹಾಕಿ ನೋಡುವ ಕೆಲಸ ನಮ್ಮ ಮೇಲೆ ಬಿತ್ತು. ಮೊಟ್ಟೆಗೆ ಬಾಗಿಲು ತೆರೆಯದವರು ಮಿಷನ್ನಿಗೆ ತೆರೆದರು. ಬೆನಕಪ್ಪನವರಿಗೆ ಉಸಿರು ಕಟ್ಟಿದಾಗ ಗಾಡಿ ತರಿಸಿದ್ದು ನಾನೇ, ಬಂಡೆ ಹತ್ತಿ ಫೋನ್ ಮಾಡಿ. ಅವರ ಕೈ ಹಿಡಿದು ಗಾಡಿಗೆ ಹತ್ತಿಸಿದೆ. ಅವತ್ತು ಯಾರೂ ನೀರು ಚಿಮುಕಿಸಲಿಲ್ಲ. ಬದುಕಿ ಬಂದಿದ್ದಾರೆ. ಈಗ ದಾರಿಯಲ್ಲಿ ಕಂಡರೆ "ಆರಾಮಿದ್ದಿಯೇನ್ ಗಾಳೆವ್ವ" ಎನ್ನುತ್ತಾರೆ. ಕಟ್ಟೆ ಮೇಲೆ ಕೂತು ಎನ್ನುತ್ತಾರೆ, ನಾನು ಕೆಳಗೆ ನಿಂತು "ಆರಾಮ್ರಿ" ಎನ್ನುತ್ತೇನೆ.

ಅಂಜಿನಿ ಅಕ್ಷರ ಮರೆತಿಲ್ಲ. ಅಂಗಳದಲ್ಲಿ ಸುಣ್ಣದ ಕಲ್ಲಿನಿಂದ ಗುಂಡಗೆ ಗೆರೆ ಎಳೆದು ಅದರೊಳಗೆ ಕೂತು ಬರೆಯುತ್ತಾಳೆ. ಗೆರೆ ಇಲ್ಲದೆ ಬರೆಯುವುದಿಲ್ಲ. ಒಳಗೆ ಬಾ ಎಂದರೆ, "ಸಾಲಿ ನಡದೈತಿ, ಮಾತಾಡಬ್ಯಾಡ" ಎನ್ನುತ್ತಾಳೆ.

ಶಾಲೆ ತೆರೆದರೆ ಸಾಕು ಎಂದು ಕಾಯುತ್ತಿದ್ದೇನೆ. ನಿಮ್ಮ ಕ್ಲಾಸಿನಲ್ಲಿ ಒಂದು ದಿನ ಕೂತರೆ ಎಲ್ಲ ಸರಿ ಹೋಗುತ್ತದೆ.

ಗಾಳೆಮ್ಮ

*

ಕರಿಬಂಡೆಹಟ್ಟಿ ಶಾಲೆ
25-10-2021

ಗಾಳೆಮ್ಮಕ್ಕ,

ಎಷ್ಟೋ ತಿಂಗಳ ಮೇಲೆ ನಿಮ್ಮ ಊರಿಗೆ ಬಂದೆ, ನೀವೇ ಇಲ್ಲ. ಅಂಗನವಾಡಿ ತೆರೆಯುವ ಮೊದಲು ತರಬೇತಿ ಎಂದು ಕೂಡ್ಲಿಗಿಗೆ ಹೋಗಿದ್ದೀರಂತೆ, ಸಂಜೆ ಬರುತ್ತೀರಂತೆ. ನನ್ನ ಬಸ್ಸಿನ ಹೊತ್ತಾಯಿತು. ಕಾದು ನಿಂತು ಹೇಳಬಹುದಿತ್ತು. ನಿಮ್ಮ ಮುಖ ನೋಡಿಕೊಂಡು ಹೇಳುವ ಧೈರ್ಯ ನನಗಿಲ್ಲ. ಅದಕ್ಕೇ ಈ ಕಾಗದ. ನಿಮ್ಮ ಬಾಗಿಲ ಸಂದಿಯಲ್ಲಿ ಇಟ್ಟು ಹೋಗುತ್ತೇನೆ.

ಸಣ್ಣ ಮಕ್ಕಳಿಗೆ ಇವತ್ತು ಶಾಲೆ ತೆರೆಯಿತು. ಬಾಗಿಲಿಗೆ ತೋರಣ ಕಟ್ಟಿಸಿದೆ. ಪ್ರತಿ ಮಗುವಿಗೂ ಒಂದು ಚೆಂಡು ಹೂವು. ಮುಂದಿನ ಸಾಲಿನ ಮೊದಲ ಜಾಗದಲ್ಲಿ ಹೊಸ ಸ್ಲೇಟು ಇಟ್ಟು ಕಾದೆ.

ಅಂಜಿನಿ ಎಲ್ಲರಿಗಿಂತ ಮೊದಲು ಬಂದಳು. ಎಷ್ಟು ಉದ್ದವಾಗಿದ್ದಾಳೆ! ನನ್ನನ್ನು ನೋಡಿ ನಾಚಿಕೊಂಡು ಹೂವು ತೆಗೆದುಕೊಂಡಳು. ಆಮೇಲೆ ಬಾಗಿಲು ದಾಟಲಿಲ್ಲ. ಮೆಟ್ಟಿಲು ಇಳಿದು ಅಂಗಳಕ್ಕೆ ಹೋದಳು. ಚೀಲದಿಂದ ಸುಣ್ಣದ ಕಲ್ಲು ತೆಗೆದಳು. ಕುಕ್ಕುರುಗಾಲಲ್ಲಿ ಕೂತು ತನ್ನ ಸುತ್ತ ಗುಂಡಗೆ ಗೆರೆ ಎಳೆದು, ಅದರೊಳಗೆ ಕಾಲು ಮಡಚಿ, ಸ್ಲೇಟು ತೊಡೆ ಮೇಲೆ ಇಟ್ಟುಕೊಂಡು ನನ್ನ ಕಡೆ ನೋಡಿದಳು. ಬಿಸಿಲು ನೆಟ್ಟಗೆ ಮುಖಕ್ಕೆ ಬೀಳುತ್ತಿತ್ತು. ಪಾಠ ಶುರು ಮಾಡಿ ಎನ್ನುವ ಹಾಗೆ ನೋಡುತ್ತಿದ್ದಳು.

ನಾನು ಮೆಟ್ಟಿಲವರೆಗೆ ಬಂದೆ.

"ಅಂಜಿನಿ, ಒಳಗೆ ಬಾರವ್ವ. ನಿನ್ನ ಜಾಗ ಇಲ್ಲಿದೆ" ಎಂದೆ.

"ಅದು ಮ್ಯಾಲಿನ ಮಕ್ಳುದ್ರಿ ಮೇಡಂ. ನಂದು ಇದು."

ಅಷ್ಟರಲ್ಲಿ ಉಳಿದ ಮಕ್ಕಳೂ ಬಂದವು. ಒಂದನೇ ಕ್ಲಾಸಿನ ಒಂದು ಪುಟ್ಟ ಹುಡುಗಿ, ಬೆನಕಪ್ಪನವರ ಮೊಮ್ಮಗಳು, ನನ್ನ ಸೆರಗು ಜಗ್ಗಿ ನನಗೆ ಗೊತ್ತಿಲ್ಲದ್ದನ್ನು ಕಲಿಸಿಕೊಡುವ ಹಾಗೆ ಹೇಳಿದಳು. "ಮೇಡಂ, ಅಕಿ ಅಲ್ಲೇ ಕುಂದ್ರೋದ್ರಿ." ಅದರಲ್ಲಿ ಕೆಟ್ಟತನ ಒಂದಿಷ್ಟೂ ಇರಲಿಲ್ಲ ಅಕ್ಕ. ಸೂರ್ಯ ಮೂಡಣದಲ್ಲಿ ಹುಟ್ಟುತ್ತಾನೆ ಎಂದು ಹೇಳಿದ ಹಾಗೆ ಹೇಳಿತು ಆ ಮಗು. ನಿಮ್ಮ ಕೇರಿಯ ಇನ್ನಿಬ್ಬರು ಮಕ್ಕಳು ಅಂಜಿನಿಯ ಪಕ್ಕದಲ್ಲಿ ಹೋಗಿ ನಿಂತು, ಕಲ್ಲಿಗಾಗಿ ಕೈ ಚಾಚಿದರು.

ಆಗ ನನ್ನ ತಲೆ ಕೆಟ್ಟಿತು. ಓಡಿ ಹೋಗಿ ಆ ಗೆರೆಯನ್ನು ಚಪ್ಪಲಿ ಕಾಲಿನಿಂದ ಉಜ್ಜಿದೆ. ಉಜ್ಜಿ ಉಜ್ಜಿ ಅಳಿಸಿದೆ. ಒಳ್ಳೆಯದನ್ನೇ ಮಾಡುತ್ತಿದ್ದೇನೆ ಎಂದುಕೊಂಡಿದ್ದೆ. ಅಂಜಿನಿ ಕಿಟಾರನೆ ಕಿರುಚಿದಳು. ಎರಡೂ ಕೈಯಲ್ಲಿ ನನ್ನ ಕಾಲು ಹಿಡಿದು ದೂಡಿದಳು. "ನನ್ ಜಾಗ ಅಳಿಸಿಬಿಟ್ರಲ್ರೀ! ನಾ ಇನ್ನ ಎಲ್ಲಿ ಕುಂದ್ರಲಿ? ನನ್ನ ಸಾಲಿ ಬಿಡಿಸಬ್ಯಾಡ್ರಿ ಮೇಡಂ!"

ಶಾಲೆಯಿಂದ ಹೊರಗೆ ಹಾಕಿದೆ ಎಂದುಕೊಂಡಿತು ಅಕ್ಕ ಆ ಮಗು. ನಾನು, ಅವಳಿಗಾಗಿ ಜಾಗ ಕಾದಿಟ್ಟವಳು.

ಎತ್ತಿಕೊಂಡು ಒಳಗೆ ತಂದು ಮುಂದಿನ ಸಾಲಿನಲ್ಲಿ ಕೂಡಿಸಿದೆ. ಮಧ್ಯಾಹ್ನದವರೆಗೆ ಬಾಗಿಲ ಕಡೆ ನೋಡುತ್ತಾ ಬಿಕ್ಕಿದಳು. ಒಂದಕ್ಷರ ಬರೆಯಲಿಲ್ಲ. ಮೂತ್ರಕ್ಕೆ ಬಿಟ್ಟಾಗ ಮನೆಗೆ ಓಡಿ ಹೋದಳು. ಹೊಸ ಸ್ಲೇಟು ಇಲ್ಲೇ ಇದೆ.

ಒಂದು ದಿನ ಕೂತರೆ ಎಲ್ಲ ಸರಿ ಹೋಗುತ್ತದೆ ಎಂದು ಬರೆದಿದ್ದಿರಿ. ನಾನೂ ಹಾಗೇ ನಂಬಿದ್ದೆ. ನಾಳೆ ಅವಳು ಬರುತ್ತಾಳೆಯೇ? ಅವಳನ್ನು ಹೇಗೆ ಒಳಗೆ ಕರೆಯಲಿ, ನೀವೇ ಹೇಳಿ.

ಅರ್ಚನಾ

*

ಕರಿಬಂಡೆಹಟ್ಟಿ
26-10-2021, ಬೆಳಿಗ್ಗೆ

ಮೇಡಂ,

ಕಾಗದ ಓದಿದೆ. ಅಂಜಿನಿ ಅತ್ತು ಅತ್ತು ನನ್ನ ತೊಡೆ ಮೇಲೆ ಮಲಗಿದ್ದಳು. ಈಗ ಎದ್ದು ಮುಖ ತೊಳೆದಿದ್ದಾಳೆ. ಹಂಪೇಶ ಶಾಲೆ ಕಡೆಯೇ ಹೋಗುತ್ತಿದ್ದಾನೆ, ಇದನ್ನು ಅವನ ಕೈಯಲ್ಲಿ ಮುಂದೆ ಕಳಿಸುತ್ತಿದ್ದೇನೆ.

ನಿನ್ನೆ ಅವಳನ್ನು ಕೇಳಿದೆ. "ಯಾಕವ್ವ ಒಳಗ ಹೋಗಲಿಲ್ಲ? ಮೇಡಂ ಕರದಾರಲ್ಲ?" ಅವಳು ಏನು ಹೇಳಿದಳು ಗೊತ್ತೇ? "ನೀನೂ ಹೋಗಂಗಿಲ್ಲಲ್ಲ ಅಮ್ಮಮ್ಮ. ನೀನೂ ಬಾಗಿಲಾಗ ನಿಂದ್ರತಿ."

ಅವಳು ಕಿಟಕಿಗೆ ಜೋತುಬಿದ್ದು ನಿಮ್ಮನ್ನು ನೋಡುತ್ತಿದ್ದಾಳೆ ಎಂದುಕೊಂಡಿದ್ದೆವು ಮೇಡಂ. ಅವಳು ನನ್ನನ್ನು ನೋಡುತ್ತಿದ್ದಳು.

ನಾಲ್ಕು ವರ್ಷ ಶೇಂಗಾ ತಂದಿದ್ದೇನೆ. ಒಂದು ದಿನವೂ ನಿಮ್ಮ ಕ್ಲಾಸಿನ ಒಳಗೆ ಕಾಲಿಟ್ಟಿಲ್ಲ. ನೀವು ಬೇಡ ಎಂದಿರಲಿಲ್ಲ. ಬನ್ನಿ ಎಂದೂ ಅಂದಿರಲಿಲ್ಲ. ನಮ್ಮಿಬ್ಬರಿಗೂ ಅದು ಹೊಳೆದೇ ಇರಲಿಲ್ಲ.

ಇವತ್ತು ಅವಳ ಕೈ ಹಿಡಿದುಕೊಂಡು ಬರುತ್ತಿದ್ದೇನೆ. ಬಾಗಿಲಲ್ಲಿ ನಿಲ್ಲುವುದಿಲ್ಲ. ಮುಂದಿನ ಸಾಲಿನಲ್ಲಿ ಅವಳ ಪಕ್ಕದಲ್ಲಿ ನನಗೂ ಒಂದು ಜಾಗ ಬಿಡಿಸಿ. ನಾನು ಹೊಸ್ತಿಲಲ್ಲಿ ಹಿಂಜರಿದರೆ ನೀವೇ ಬಂದು ಕೈ ಹಿಡಿಯಿರಿ.

ಗಾಳೆಮ್ಮ